ನಾಯಿ, ಬೆಕ್ಕು, ಹಕ್ಕಿ, ಮೀನು ಸಾಕಿದವರು ಕಾಡುಪ್ರಾಣಿಗಳನ್ನು ಉಳಿಸಲು ಮಾಡಬೇಕಾದ ಕೆಲಸಗಳು

2018ರ ಸೆಪ್ಟೆಂಬರ್‌ನಲ್ಲಿ ಗುಜರಾತಿನ ಗಿರ್ ಕಾಡಿನ ಪೂರ್ವ ಭಾಗದಲ್ಲಿ ಸಿಂಹಗಳು ಒಂದರ ಹಿಂದೆ ಒಂದು ಸತ್ತವು. ಕೆಲವೇ ವಾರಗಳಲ್ಲಿ ಲೆಕ್ಕ 23ಕ್ಕೆ ಮುಟ್ಟಿತು. ಸತ್ತವುಗಳಲ್ಲಿ ಕೆಲವದರ ದೇಹದಲ್ಲಿ ಕೆನೈನ್ ಡಿಸ್ಟೆಂಪರ್ ವೈರಸ್ ಪತ್ತೆಯಾಯಿತು, ಇನ್ನು ಕೆಲವದರಲ್ಲಿ ಉಣುಗಿನಿಂದ ಹರಡುವ ಬೆಬಿಸಿಯಾ ಸಿಕ್ಕಿತು. ಡಿಸ್ಟೆಂಪರ್ ಎಂದರೆ ನಾಯಿ ಸಾಕಿದವರಿಗೆಲ್ಲ ಗೊತ್ತಿರುವ ರೋಗ. ನಾಯಿಮರಿಗೆ ಎರಡು ತಿಂಗಳಾಗುತ್ತಿದ್ದಂತೆ ವೈದ್ಯರು ಯಾವ ರೋಗಕ್ಕೆ ಸೂಜಿ ಹಾಕುತ್ತಾರೋ ಅದೇ ಅದು. ಟಾಂಜಾನಿಯಾದ ಸೆರೆಂಗೆಟಿಯಲ್ಲಿ 1994ರಲ್ಲಿ ಇದೇ ರೋಗ ಸಿಂಹಗಳಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಬಲಿ ತೆಗೆದುಕೊಂಡಿತ್ತು. ಅದರ ಮೂಲ ಹುಡುಕಿದವರ ಬೆರಳು ತೋರಿದ್ದು ಸುತ್ತಲಿನ ಹಳ್ಳಿಗಳ ನಾಯಿಗಳ ಕಡೆಗೆ.

ನಮ್ಮಲ್ಲಿ ಸಿಂಹಗಳಿಲ್ಲ, ಆದರೆ ಈ ರೋಗಕ್ಕೆ ಮೈಯೊಡ್ಡುವ ಹುಲಿ, ಚಿರತೆ, ತೋಳ, ಸೀಳುನಾಯಿ, ನರಿ ಎಲ್ಲವೂ ಇವೆ. ಬಂಡೀಪುರ, ನಾಗರಹೊಳೆಯ ಅಂಚಿನ ಊರುಗಳಲ್ಲಿ, ಕೊಡಗು–ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ, ಕೊಪ್ಪಳ–ಹಾವೇರಿಯ ಹುಲ್ಲುಗಾವಲುಗಳಲ್ಲಿ ನಮ್ಮ ನಾಯಿಯೂ ಕಾಡಿನ ಪ್ರಾಣಿಯೂ ಒಂದೇ ದಾರಿಯಲ್ಲಿ ಓಡಾಡುತ್ತವೆ, ಒಂದೇ ಹೊಂಡದ ನೀರು ಕುಡಿಯುತ್ತವೆ. ಭಾರತದಲ್ಲಿ ನಾಯಿಗಳ ದಾಳಿಯ ಬಗ್ಗೆ ಮಾಹಿತಿ ಕಲೆಹಾಕಿ 2018ರಲ್ಲಿ ಪ್ರಕಟವಾದ ಅಧ್ಯಯನವೊಂದು 80 ವನ್ಯ ಪ್ರಭೇದಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ 31 ಪ್ರಭೇದಗಳು ಅಪಾಯದಲ್ಲಿವೆ ಎಂದು ಗುರುತಿಸಲಾದವು, 4 ಅಳಿವಿನ ತೀರಾ ಅಂಚಿಗೆ ಬಂದವು.

ಕಾಡು ಉಳಿಸುವುದು ಎಂದಾಗ ಜನ ಸಸಿ ನೆಡುವುದನ್ನು, ಹಣ ಕೊಡುವುದನ್ನು ನೆನೆಸಿಕೊಳ್ಳುತ್ತಾರೆ. ಸಾಕುಪ್ರಾಣಿ ಇರುವ ಮನೆಯವರಿಗೆ ಅದಕ್ಕಿಂತ ನೇರವಾದ ಕೆಲಸ ಮನೆಯಂಗಳದಲ್ಲೇ ಇದೆ. ಎಲ್ಲವನ್ನೂ ಒಂದೇ ವಾರದಲ್ಲಿ ಮಾಡಿ ಮುಗಿಸಬೇಕಿಲ್ಲ. ಮೊದಲ ಮೂರು ಹೆಜ್ಜೆಗಳನ್ನು ಮಾತ್ರ ನಾಯಿ ಇರುವವರು ಈ ತಿಂಗಳೇ ಮಾಡಿ.

ಹೆಜ್ಜೆ 1: ನಿಮ್ಮ ನಾಯಿ ಎಲ್ಲೆಲ್ಲಿ ಹೋಗಿ ಬರುತ್ತದೆ, ಪತ್ತೆ ಹಚ್ಚಿ

"ನಮ್ಮ ನಾಯಿ ಎಲ್ಲೂ ಹೋಗಲ್ಲ, ಇಲ್ಲೇ ಮನೆ ಹತ್ರ ಇರತ್ತೆ" ಎನ್ನುವವರೇ ಹೆಚ್ಚು. ಹಗಲು ಅದು ಜಗಲಿಯ ಮೇಲೆ ಮಲಗಿರುವುದನ್ನು ನೋಡಿದವರಿಗೆ ಹಾಗೆ ಅನ್ನಿಸುವುದು ಸಹಜ. ಬೆಳಗಿನ ಜಾವ ಅದರ ಮೈ ಸವರಿ ನೋಡಿ. ಹೊಟ್ಟೆಯ ಕೆಳಗೆ, ಕಿವಿಯ ಹಿಂದೆ ಉತ್ತರಾಣಿ ಕಾಳು ಅಂಟಿದ್ದರೆ ಬೇಲಿ ದಾಟಿ ಹೋಗಿದೆ. ಕಾಲ್ಬೆರಳ ಸಂದಿಯಲ್ಲಿ ನಿಮ್ಮ ಅಂಗಳದ್ದಲ್ಲದ ಮಣ್ಣಿದ್ದರೆ, ಕಿವಿಯೊಳಗೆ ಹೊಸ ಉಣುಗು ಕಚ್ಚಿದ್ದರೆ, ಬಾಯಿಯ ಬಳಿ ಗರಿ ಅಥವಾ ರೋಮ ಸಿಕ್ಕಿದ್ದರೆ ರಾತ್ರಿಯೆಲ್ಲ ಏನು ನಡೆದಿದೆ ಎಂದು ಊಹಿಸಬಹುದು. ಅಕ್ಕಪಕ್ಕದ ಹೊಲದವರನ್ನೂ ಕೇಳಿ. ಸಂಕೋಚವಿಲ್ಲದೆ ನಿಜ ಹೇಳುವವರು ಅವರೇ.

ನಂತರ ನಿಮ್ಮ ಸುತ್ತ ಯಾವ ಪ್ರಾಣಿಗಳಿವೆ ಎಂದು ತಿಳಿದುಕೊಳ್ಳಿ. ತುಮಕೂರು ಕಡೆಯ ತೋಟಗಳಲ್ಲಿ ಕಾಡುಪಾಪ ಇರಬಹುದು. ಅದು ಕೊಂಬೆಯಿಂದ ಕೊಂಬೆಗೆ ಸಾಗುವ ಪ್ರಾಣಿ, ಮರಗಳ ನಡುವೆ ಕೊಂಡಿ ತಪ್ಪಿದರೆ ನೆಲಕ್ಕಿಳಿಯಲೇಬೇಕು. ನೆಲದ ಮೇಲೆ ಅದರ ನಡಿಗೆ ತೀರಾ ನಿಧಾನ, ನಾಯಿ ಎದುರಾದರೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲು ಪ್ರದೇಶದಂಥ ಕಡೆ ಕೃಷ್ಣಮೃಗಗಳಿವೆ. ಕೃಷ್ಣಮೃಗದ ಮರಿ ಹುಟ್ಟಿದ ಮೊದಲ ಒಂದೆರಡು ವಾರ ತಾಯಿಯ ಹಿಂದೆ ಓಡುವುದಿಲ್ಲ. ಹುಲ್ಲಿನೊಳಗೆ ಕತ್ತು ಚಾಚಿ, ಕಿವಿ ಹಿಂದಕ್ಕೆ ಅಂಟಿಸಿ, ಉಸಿರೂ ಕೇಳದಂತೆ ಮಲಗಿರುತ್ತದೆ. ದೂರದಿಂದ ನೋಡುವವನ ಕಣ್ಣಿನಿಂದ ಪಾರಾಗಲು ಆ ಉಪಾಯ ಸಾಕು, ವಾಸನೆ ಹಿಡಿದು ಬರುವ ನಾಯಿಯಿಂದ ಪಾರಾಗಲು ಸಾಲದು. ಬಳ್ಳಾರಿಯ ಸಿರುಗುಪ್ಪ ಸೀಮೆಯಲ್ಲಿ ಬೆರಳೆಣಿಕೆಗೆ ಬಂದಿರುವ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ನೆಲದ ಮೇಲೆ, ಗೂಡೂ ಕಟ್ಟದೆ, ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಆ ಒಂದು ಮೊಟ್ಟೆ ನಾಯಿಯ ಬಾಯಿಗೆ ಬಿದ್ದರೆ ಆ ಜೋಡಿಯ ಶ್ರಮವೆಲ್ಲ ಮುಗಿಯಿತು.

ಹೊನ್ನಾವರ, ಕುಂದಾಪುರದ ಕಡಲಂಚಿನವರಿಗೆ ಚಳಿಗಾಲದಿಂದ ಬೇಸಿಗೆಯವರೆಗೆ ಇನ್ನೊಂದು ಹೊಣೆ ಇದೆ. ಆಲಿವ್ ರಿಡ್ಲಿ ಕಡಲಾಮೆ ಮರಳು ತೋಡಿ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗುತ್ತದೆ, ಮರಿ ಹೊರಬರಲು ಸುಮಾರು ಒಂದೂವರೆಯಿಂದ ಎರಡು ತಿಂಗಳು ಬೇಕು. ನಾಯಿಗೆ ಆ ಗುಂಡಿ ಅಗೆಯಲು ಹತ್ತು ನಿಮಿಷ ಸಾಕು.

ಹೆಜ್ಜೆ 2: ರಾತ್ರಿ ಕಟ್ಟಿಹಾಕಿ, ಇಲ್ಲವೇ ಒಳಗೆ ಮಲಗಿಸಿ

ಒಂದೇ ಒಂದು ಕೆಲಸ ಮಾಡುತ್ತೇವೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ಸಂಜೆ ದೀಪ ಹಚ್ಚುವ ಹೊತ್ತಿನಿಂದ ಬೆಳಗಾಗುವವರೆಗೆ ನಾಯಿ ಒಳಗಿರಲಿ. ಮೊಲ, ಕಾಡುಪಾಪ, ಚಿಪ್ಪುಹಂದಿ, ಪುನುಗು ಬೆಕ್ಕು ಓಡಾಡುವ ಹೊತ್ತು ಅದು. ಚಿರತೆ ನಾಯಿಯನ್ನು ಹುಡುಕಿಕೊಂಡು ಬರುವ ಹೊತ್ತೂ ಅದೇ. ನಾಯಿ ಒಳಗಿದ್ದರೆ ಎರಡೂ ಕಡೆಯ ಜೀವ ಉಳಿಯುತ್ತದೆ. ಚಿರತೆಗೆ ಊರಿನೊಳಗೆ ಸುಲಭದ ಊಟ ಸಿಕ್ಕರೆ ಅದು ಮತ್ತೆ ಮತ್ತೆ ಬರುತ್ತದೆ, ಜನ ಹೆದರುತ್ತಾರೆ, ಬೋನು ಇಡುತ್ತಾರೆ, ಕೊನೆಗೆ ಆ ಚಿರತೆ ಕಾಡಿನಿಂದಲೇ ದೂರವಾಗುತ್ತದೆ. ರೋಗವಿರುವ ನಾಯಿಯನ್ನು ಅದು ತಿಂದರೆ ರೋಗವೂ ಜತೆಗೆ ಕಾಡಿಗೆ ಹೋಗುವ ಸಂಭವವಿದೆ.

ಚಿರತೆ ಇರುವ ಕಡೆ ನಾಯಿಯನ್ನು ಬಯಲಿನಲ್ಲಿ ಸರಪಳಿ ಹಾಕಿ ಬಿಟ್ಟರೆ ಅದನ್ನು ಊಟಕ್ಕೆ ಇಟ್ಟಂತೆ. ಗೂಡು ಮಾಡಿಸಿ. ನಾಲ್ಕೂ ಕಡೆ ದಪ್ಪ ಕಂಬಿಯ ಜಾಲರಿ ಇರಲಿ, ಮೇಲೆ ಮುಚ್ಚಿಗೆ ಇರಲೇಬೇಕು, ಏಕೆಂದರೆ ಚಿರತೆ ಮರವನ್ನೇ ಹತ್ತುವ ಪ್ರಾಣಿ. ಬಾಗಿಲಿನ ಚಿಲಕ ಹೊರಗಿನಿಂದ ಪಂಜ ತಾಗಿದರೆ ತೆರೆದುಕೊಳ್ಳದಂತಿರಲಿ. ಮನೆಯ ಗೋಡೆಗೆ ಅಂಟಿಕೊಂಡಂತೆ ಕಟ್ಟಿಸಿ, ಕೊಂಬೆ ಇಳಿಬಿದ್ದ ಮರದ ಕೆಳಗೆ ಬೇಡ. ರಾತ್ರಿ ಊಟ ಮಿಕ್ಕಿದ್ದನ್ನು ಅಂಗಳದಲ್ಲಿ ಬಿಡಬೇಡಿ. ಕೋಳಿ ಅಂಗಡಿಯ ತ್ಯಾಜ್ಯ ತಂದು ಬೀದಿನಾಯಿಗಳಿಗೆ ಕಾಡಂಚಿನಲ್ಲಿ ಸುರಿಯುವ ರೂಢಿಯನ್ನಂತೂ ಕೂಡಲೇ ನಿಲ್ಲಿಸಬೇಕು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಅಲ್ಲಿ ಕೂಡಿದ ಹತ್ತಿಪ್ಪತ್ತು ನಾಯಿಗಳು ಹೊಟ್ಟೆ ತುಂಬಿದ ಮೇಲೂ ಗುಂಪಾಗಿ ಬೇಟೆಗೆ ಹೋಗುತ್ತವೆ.

ಕುರಿ ಕಾಯುವವರ ನಾಯಿಗಳ ಮಾತು ಬೇರೆ. ರಾತ್ರಿ ಹಟ್ಟಿಯ ಪಕ್ಕ ಅವು ಎಚ್ಚರವಿರಬೇಕು. ತೋಳವನ್ನು ಕೊಲ್ಲದೆ ದೂರವಿಡಲು ಕುರಿಗಾಹಿಗೆ ಇರುವ ಒಳ್ಳೆಯ ಉಪಾಯವೂ ಆ ನಾಯಿಯೇ. ಅವು ಮಂದೆಯ ಜತೆಗೇ ಇರುವಂತೆ, ಮಂದೆ ಬಿಟ್ಟು ಅಲೆಯದಂತೆ ಮರಿಯಿಂದಲೇ ಪಳಗಿಸಿದರೆ ಸಾಕು. ಮುಂದಿನ ಹೆಜ್ಜೆಯ ಲಸಿಕೆ ಮಾತ್ರ ಅವುಗಳಿಗೆ ಎಲ್ಲಕ್ಕಿಂತ ಹೆಚ್ಚು ಅಗತ್ಯ.

ಹೆಜ್ಜೆ 3: ರೇಬೀಸ್ ಸೂಜಿ ಒಂದೇ ಸಾಲದು

ಹಳ್ಳಿಗಳಲ್ಲಿ "ನಾಯಿಗೆ ಇಂಜೆಕ್ಷನ್ ಆಗಿದೆ" ಎಂದರೆ ಹೆಚ್ಚಾಗಿ ರೇಬೀಸ್ ಲಸಿಕೆ ಎಂದೇ ಅರ್ಥ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಹೊತ್ತಿಗೆ ಹಲವೆಡೆ ಅದನ್ನು ಉಚಿತವಾಗಿಯೇ ಹಾಕುತ್ತಾರೆ, ತಪ್ಪದೆ ಹಾಕಿಸಿ. ಆದರೆ ರೇಬೀಸ್ ಲಸಿಕೆ ಡಿಸ್ಟೆಂಪರನ್ನು ತಡೆಯುವುದಿಲ್ಲ, ನಾಯಿಗಳ ಇನ್ನೊಂದು ವೈರಸ್ ರೋಗವಾದ ಪಾರ್ವೊವನ್ನೂ ತಡೆಯುವುದಿಲ್ಲ. ಅವುಗಳಿಗೆ ಬೇರೆ ಲಸಿಕೆ ಇದೆ. ಔಷಧಿ ಅಂಗಡಿಯಲ್ಲಿ ಅದನ್ನು ಮಲ್ಟಿ ಲಸಿಕೆ, ಸೆವೆನ್ ಇನ್ ಒನ್, ನೈನ್ ಇನ್ ಒನ್ ಎಂದೆಲ್ಲ ಕರೆಯುತ್ತಾರೆ.

ಮನೆಯಲ್ಲಿರುವ ಲಸಿಕೆ ಪುಸ್ತಕ ತೆಗೆದು ನೋಡಿ. ಸೂಜಿ ಹಾಕಿದ ದಿನ ವೈದ್ಯರು ಬಾಟಲಿಯ ಮೇಲಿನ ಪುಟ್ಟ ಚೀಟಿಯನ್ನು ಕಿತ್ತು ಅಂಟಿಸಿರುತ್ತಾರೆ, ಪಕ್ಕದಲ್ಲಿ ಸಹಿ ಮತ್ತು ತಾರೀಖು ಇರುತ್ತದೆ. ಆ ಚೀಟಿಯಲ್ಲಿ ಇಂಗ್ಲಿಷಿನ ಡಿ ಅಕ್ಷರ ಡಿಸ್ಟೆಂಪರನ್ನು ಸೂಚಿಸುತ್ತದೆ, ಪಿ ಪಾರ್ವೊವನ್ನು, ಎಲ್ ಇಲಿಜ್ವರವನ್ನು, ಆರ್ ರೇಬೀಸನ್ನು. ಆರ್ ಮಾತ್ರ ಇದ್ದು ಡಿ ಇಲ್ಲದಿದ್ದರೆ ನಿಮ್ಮ ನಾಯಿಗೆ ಡಿಸ್ಟೆಂಪರ್ ಲಸಿಕೆ ಆಗಿಲ್ಲ. ಚೀಟಿಯೇ ಇಲ್ಲದೆ ಬರೀ ತಾರೀಖು ಬರೆದಿದ್ದರೆ ಯಾವ ಲಸಿಕೆ ಎಂದು ವೈದ್ಯರನ್ನು ಕೇಳಿ ಬರೆಸಿಕೊಳ್ಳಿ.

ಮರಿಗೆ ಆರರಿಂದ ಎಂಟು ವಾರವಾದಾಗ ಮೊದಲ ಡೋಸ್, ಅಲ್ಲಿಂದ ಮೂರು–ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ತುಂಬುವವರೆಗೆ ಮುಂದಿನವು, ನಂತರ ಒಂದು ವರ್ಷಕ್ಕೆ ಬೂಸ್ಟರ್. ಜನ ತಪ್ಪುವುದು ಇಲ್ಲೇ. ಮೊದಲ ಡೋಸ್ ಆದ ಮೇಲೆ ಮರಿ ಚೆನ್ನಾಗಿ ಓಡಾಡುತ್ತಿದೆ ಎಂದು ಸುಮ್ಮನಾಗಿಬಿಡುತ್ತಾರೆ. ತಾಯಿಹಾಲಿನಿಂದ ಬಂದ ಪ್ರತಿಕಾಯಗಳು ಮರಿಯ ರಕ್ತದಲ್ಲಿರುವಷ್ಟು ದಿನ ಅವು ಲಸಿಕೆಯನ್ನೂ ಹೊಡೆದುಹಾಕುತ್ತವೆ. ಅವು ಯಾವಾಗ ಇಳಿಯುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆ. ಅದಕ್ಕಾಗಿಯೇ ಹಲವು ಡೋಸ್. ಕೊನೆಯದನ್ನು ಬಿಟ್ಟರೆ ಹಿಂದಿನವೂ ವ್ಯರ್ಥವಾಗಬಹುದು. ದೊಡ್ಡ ನಾಯಿಗೆ ಎಂದೂ ಹಾಕಿಸಿಲ್ಲದಿದ್ದರೆ ಈಗಲೂ ಹಾಕಿಸಬಹುದು, ಎಷ್ಟು ಡೋಸ್ ಎಂದು ವೈದ್ಯರು ಹೇಳುತ್ತಾರೆ.

ಲಸಿಕೆಯನ್ನು ಪೇಟೆಯಿಂದ ತಂದು ಊರಿನ ವೈದ್ಯರ ಕೈಗೆ ಕೊಡುವವರು ಮಂಜುಗಡ್ಡೆಯ ಡಬ್ಬಿಯಲ್ಲೇ ತನ್ನಿ. 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಅದಕ್ಕೆ ಬೇಕು, ಹೆಪ್ಪುಗಟ್ಟಲೂ ಬಾರದು. ಬೇಸಿಗೆಯಲ್ಲಿ ಬಸ್ಸಿನ ಡ್ಯಾಶ್‌ಬೋರ್ಡ್ ಮೇಲೆ ಎರಡು ಗಂಟೆ ಕುಳಿತು ಬಂದ ಬಾಟಲಿಯನ್ನು ನಂಬಬೇಡಿ. ಪುಡಿ ಮತ್ತು ನೀರು ಬೆರೆಸಿದ ಮೇಲೆ ತಡಮಾಡದೆ ಹಾಕಬೇಕು. ಕಾಡಂಚಿನ ಊರಿನಲ್ಲಿ ಹತ್ತು ಮನೆಯವರು ಸೇರಿ ಒಂದೇ ದಿನ ವೈದ್ಯರನ್ನು ಕರೆಸಿಕೊಂಡರೆ ಖರ್ಚೂ ಇಳಿಯುತ್ತದೆ, ತಂಪೂ ಉಳಿಯುತ್ತದೆ. ಊರಿನ ಒಂದೇ ನಾಯಿಗೆ ಲಸಿಕೆಯಾದರೆ ಆ ನಾಯಿಗೆ ಲಾಭ, ಹೆಚ್ಚಿನವಕ್ಕೆ ಆದರೆ ರೋಗ ಊರಿನಲ್ಲೇ ನಿಂತುಹೋಗುತ್ತದೆ.

ರೋಗದ ಲಕ್ಷಣ ಗುರುತಿಸಲು ಕಲಿಯಿರಿ. ಕಣ್ಣು, ಮೂಗಿನಿಂದ ಗಟ್ಟಿ ಪಿಸುರು, ಜ್ವರ, ಕೆಮ್ಮು, ಭೇದಿ, ಅಂಗಾಲು ಗಡುಸಾಗುವುದು. ಮುಂದುವರಿದರೆ ತಲೆ, ಕಾಲು ಅದುರುತ್ತವೆ, ಏನೋ ಅಗಿಯುತ್ತಿರುವಂತೆ ದವಡೆ ಆಡುತ್ತದೆ. ಇಂಥ ನಾಯಿಯನ್ನು ಕೂಡಲೇ ಬೇರೆಯಿರಿಸಿ, ವೈದ್ಯರಿಗೆ ತೋರಿಸಿ. ಗುಣವಾದಂತೆ ಕಂಡರೂ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ವೈರಸ್ ಹೊರಬರುತ್ತಿರುತ್ತದೆ, ಆ ಅವಧಿ ಮುಗಿಯುವವರೆಗೆ ಹೊರಗೆ ಬಿಡಬೇಡಿ. ಡಿಸ್ಟೆಂಪರ್ ವೈರಸ್ ಬಿಸಿಲಿಗೆ, ಸೋಪಿಗೆ ಬೇಗ ಸಾಯುತ್ತದೆ. ಪಾರ್ವೊ ಹಾಗಲ್ಲ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ.

ಹೆಜ್ಜೆ 4: ಸಂತಾನಹರಣ

ಗಂಡಿಗೂ ಹೆಣ್ಣಿಗೂ ಮಾಡಿಸಿ. ಯಾವ ವಯಸ್ಸಿಗೆ ಎಂಬುದನ್ನು ತಳಿ ನೋಡಿ ವೈದ್ಯರು ಹೇಳುತ್ತಾರೆ. ಬೇಡದ ಮರಿಗಳನ್ನು ಗೋಣಿಚೀಲದಲ್ಲಿ ಹಾಕಿ ಕಾಡಂಚಿನಲ್ಲಿ ಬಿಟ್ಟು ಬರುವುದು ಇಂದಿಗೂ ನಡೆದಿದೆ. ಪ್ರಾಣಿಯನ್ನು ಹಾಗೆ ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಬದುಕುಳಿದ ಒಂದೆರಡು ಮರಿಗಳೇ ಮುಂದೆ ಕಾಡುಬಿದ್ದ ನಾಯಿಗಳ ಗುಂಪಾಗುತ್ತವೆ.

ತೋಳದ ಸೀಮೆಯವರಿಗೆ ಇನ್ನೂ ಒಂದು ಕಾರಣವಿದೆ. ನಾಯಿಯೂ ತೋಳವೂ ಕೂಡಿ ಮರಿ ಹಾಕಬಲ್ಲವು, ಆ ಮರಿಗಳೂ ಸಂತಾನ ಪಡೆಯಬಲ್ಲವು. ಪುಣೆ ಬಳಿಯ ಹುಲ್ಲುಗಾವಲಿನಲ್ಲಿ ಇಂಥ ಮಿಶ್ರತಳಿ ಇರುವುದು ವಂಶವಾಹಿ ಪರೀಕ್ಷೆಯಲ್ಲಿ ಖಚಿತವಾಗಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ನಮ್ಮ ಸರ್ಕಾರ ತೋಳಗಳಿಗೆಂದೇ ಧಾಮ ಮಾಡಿದೆ. ಅಂಥ ಜಾಗದ ಸುತ್ತ ಬಿಟ್ಟುಬಿಟ್ಟ ನಾಯಿಗಳು ಹೆಚ್ಚಿದರೆ ತೋಳದ ರಕ್ತವೇ ಬೆರಕೆಯಾಗುತ್ತ ಹೋಗುತ್ತದೆ, ಬೇಲಿ ಹಾಕಿ ಅದನ್ನು ತಡೆಯಲಾಗದು.

ಹೆಜ್ಜೆ 5: ಬೆಕ್ಕಿನ ಹೊಟ್ಟೆ ತುಂಬಿಸಿ, ಆಟವಾಡಿಸಿ

ಬೆಕ್ಕು ಇಲಿ ಹಿಡಿಯುತ್ತದೆ ಎಂಬ ಕಾರಣಕ್ಕೆ ನಾವು ಅದನ್ನು ಮನೆಗೆ ಕರೆದುಕೊಂಡವರು. ಆದರೆ ಅದು ಇಲಿ ಯಾವುದು, ಹೂಹಕ್ಕಿ ಯಾವುದು ಎಂದು ಭೇದ ಮಾಡುವುದಿಲ್ಲ. ಜಗತ್ತಿನಾದ್ಯಂತ ಅಳಿದುಹೋದ 63 ಹಕ್ಕಿ, ಸಸ್ತನಿ, ಸರೀಸೃಪ ಪ್ರಭೇದಗಳ ಅವನತಿಯಲ್ಲಿ ಬೆಕ್ಕಿನ ಪಾಲಿದೆ ಎಂದು ಅಧ್ಯಯನಗಳು ಹೇಳುತ್ತವೆ, ಹೆಚ್ಚಿನವು ದ್ವೀಪಗಳಲ್ಲಿ.

ಮನೆಯೊಳಗೇ ಸಾಕುವುದು ಎಲ್ಲಕ್ಕಿಂತ ಒಳ್ಳೆಯದು. ಅಪಾರ್ಟ್‌ಮೆಂಟಿನವರಿಗೆ ಇದು ಸುಲಭ, ಕಿಟಕಿ ಬಾಲ್ಕನಿಗೆ ಬಲೆ ಹಾಕಿಸಿದರಾಯಿತು. ಹಂಚಿನ ಮನೆಯವರಿಗೆ ಕಷ್ಟ ಎಂಬುದು ನನಗೂ ಗೊತ್ತು. ಅಂಥವರು ಕನಿಷ್ಠ ಸಂಜೆಯಿಂದ ಬೆಳಗಿನವರೆಗೆ ಒಳಗಿಡಿ, ಮುಂಗಾರಿಗೆ ಮುಂಚಿನ ತಿಂಗಳುಗಳಲ್ಲಿ ಹಕ್ಕಿಗಳು ಮರಿ ಮಾಡುವಾಗ ಇನ್ನೂ ಬಿಗಿಯಾಗಿರಿ.

ಇಂಗ್ಲೆಂಡಿನಲ್ಲಿ 2021ರಲ್ಲಿ ಪ್ರಕಟವಾದ ಪ್ರಯೋಗವೊಂದರ ಫಲಿತಾಂಶ ನಮಗೂ ಉಪಯೋಗಕ್ಕೆ ಬರುವಂಥದ್ದು. ಮಾಂಸದ ಅಂಶ ಹೆಚ್ಚಿರುವ ಆಹಾರ ಕೊಟ್ಟ ಬೆಕ್ಕುಗಳು ಮನೆಗೆ ಹಿಡಿದು ತರುವ ಬೇಟೆ ಶೇ 36ರಷ್ಟು ಇಳಿಯಿತು. ದಿನಕ್ಕೆ ಐದರಿಂದ ಹತ್ತು ನಿಮಿಷ ಮನೆಯವರು ಆಟವಾಡಿಸಿದರೆ ಶೇ 25ರಷ್ಟು ಇಳಿಯಿತು. ಹಾಲು–ಅನ್ನದ ಮೇಲೆ ಬದುಕುವ ನಮ್ಮ ಬೆಕ್ಕುಗಳಿಗೆ ಮಾಂಸದ ಹಸಿವು ಹಾಗೇ ಉಳಿದಿರುತ್ತದೆ. ಬೆಕ್ಕಿನ ದೇಹಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಅನ್ನದಲ್ಲಿಲ್ಲ. ಮೀನು, ಕೋಳಿ, ಮೊಟ್ಟೆ ಬೇಯಿಸಿ ಕೊಡಿ. ಮನೆಯಲ್ಲಿ ಮಾಂಸ ಮಾಡದವರು ಒಳ್ಳೆಯ ಬೆಕ್ಕಿನ ಆಹಾರ ತಂದುಕೊಡಿ. ಕೋಲಿಗೆ ದಾರ ಕಟ್ಟಿ, ದಾರದ ತುದಿಗೆ ಬಟ್ಟೆಯ ಚೂರು ಕಟ್ಟಿ ಸಂಜೆ ಹೊತ್ತು ಎಳೆದಾಡಿಸಿ. ಹೊಂಚು, ನೆಗೆತ, ಹಿಡಿತ ಎಲ್ಲ ಆಗಲಿ, ಕೊನೆಗೆ ಒಂದು ತುಂಡು ಮೀನು ಸಿಗಲಿ.

ಕೊರಳ ಗಂಟೆಯ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ಅದೊಂದನ್ನೇ ನೆಚ್ಚಿ ಕೂರಬೇಡಿ. ಬಣ್ಣಬಣ್ಣದ ಅಗಲ ಬಟ್ಟೆಯ ಪಟ್ಟಿ ಕಟ್ಟಿದಾಗ ಹಕ್ಕಿಗಳು ದೂರದಿಂದಲೇ ಬೆಕ್ಕನ್ನು ಕಂಡು ಹಾರಿಹೋಗುತ್ತವೆ, ಅದೇ ಪ್ರಯೋಗದಲ್ಲಿ ಹಕ್ಕಿಗಳ ಬೇಟೆ ಶೇ 42ರಷ್ಟು ತಗ್ಗಿತ್ತು. ಎಳೆದರೆ ಬಿಚ್ಚಿಕೊಳ್ಳುವ ಪಟ್ಟಿಯನ್ನೇ ಕಟ್ಟಿ, ಕೊಂಬೆಗೆ ಸಿಕ್ಕಿ ಕುತ್ತಿಗೆ ಬಿಗಿಯಬಾರದು.

ಹೆಜ್ಜೆ 6: ಪ್ರವಾಸಕ್ಕೆ ಹೋದಾಗ

ಕಾಡಿನ ಹೋಂಸ್ಟೇಗೆ, ಬೆಟ್ಟಕ್ಕೆ, ಕೆರೆದಂಡೆಗೆ ನಾಯಿಯನ್ನು ಕರೆದೊಯ್ಯುವವರು ಈಗ ಹೆಚ್ಚಾಗಿದ್ದಾರೆ. ಹಗ್ಗ ಬಿಚ್ಚಬೇಡಿ. ಮುಧೋಳದಂಥ ಬೇಟೆ ತಳಿಗಳಿಗೆ ಈ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಓಡುವುದನ್ನು ಕಣ್ಣಿನಿಂದ ಕಂಡೇ ಬೆನ್ನಟ್ಟುವ ನಾಯಿ ಅದು, ಒಮ್ಮೆ ಓಟ ಹಿಡಿದರೆ ನಿಮ್ಮ ಕೂಗು ಕೇಳಿಸುವುದಿಲ್ಲ. ಅದು ಕಚ್ಚದಿದ್ದರೂ ಗರ್ಭಿಣಿ ಜಿಂಕೆಗೆ, ಮೊಟ್ಟೆ ಮೇಲೆ ಕುಳಿತ ಟಿಟ್ಟಿಭಕ್ಕೆ ಆ ಓಟದ ಭಯವೇ ಕುತ್ತಾಗಬಹುದು. ಮಲವನ್ನು ಚೀಲದಲ್ಲಿ ಎತ್ತಿಕೊಂಡು ಬನ್ನಿ, ಜಂತುಹುಳುವಿನ ಮೊಟ್ಟೆಯೂ ಪಾರ್ವೊವೂ ಅದರಲ್ಲೇ ಇರುವುದು. ಹೊರಡುವ ಮೊದಲೂ ಮರಳಿದ ಮೇಲೂ ಉಣುಗು ಹುಡುಕಿ ತೆಗೆಯಿರಿ.

ಹೆಜ್ಜೆ 7: ಕೊಳ್ಳುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಪಂಜರದ ಗಿಳಿ ನಮ್ಮ ಮನೆಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ಕಾನೂನುಬಾಹಿರ ಎಂದಾಗ ಜನ ನಂಬುವುದಿಲ್ಲ. ನಮ್ಮ ತೋಟದ ಹಸಿರು ಗಿಳಿ, ಮೈನಾ, ಮುನಿಯ ಯಾವುದನ್ನೂ ಹಿಡಿಯುವಂತಿಲ್ಲ, ಮಾರುವಂತಿಲ್ಲ, ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇವಕ್ಕೆಲ್ಲ ರಕ್ಷಣೆ ಕೊಟ್ಟಿದೆ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಉಲ್ಲಂಘನೆಗೆ ದಂಡ ಒಂದು ಲಕ್ಷ ರೂಪಾಯಿವರೆಗೂ ಹೋಗುತ್ತದೆ, ಜೈಲೂ ಇದೆ. ಮರದ ಪೊಟರೆಯಿಂದ ಗರಿ ಬಲಿಯದ ಮರಿಗಳನ್ನು ಕಿತ್ತು ತರುತ್ತಾರೆ, ಹಲವು ದಾರಿಯಲ್ಲೇ ಸಾಯುತ್ತವೆ. ನಿಮ್ಮ ಕೈಗೆ ಬಂದದ್ದು ಅವುಗಳಲ್ಲಿ ಬದುಕಿದ್ದು.

ನಕ್ಷತ್ರ ಆಮೆಯ ಕಥೆ ಇನ್ನೂ ನೋವಿನದು. ಕರ್ನಾಟಕ, ಆಂಧ್ರ, ತಮಿಳುನಾಡಿನ ಕುರುಚಲು ಕಾಡಿನಲ್ಲಿ ಹುಲ್ಲು, ಎಲೆ, ಹಣ್ಣು ತಿಂದುಕೊಂಡಿರುವ ಈ ಸಾಧು ಪ್ರಾಣಿಯನ್ನು ಮನೆಯಲ್ಲಿಟ್ಟರೆ ಅದೃಷ್ಟ ಖುಲಾಯಿಸುತ್ತದೆ ಎಂಬ ಮೂಢನಂಬಿಕೆಗೆ, ಚಿಪ್ಪಿನ ಚೆಂದಕ್ಕೆ ರಾಶಿಗಟ್ಟಲೆ ಹಿಡಿದು ಸೂಟ್‌ಕೇಸಿನಲ್ಲಿ ತುಂಬಿ ಸಾಗಿಸುತ್ತಾರೆ. 2019ರಲ್ಲಿ ಅದನ್ನು ದೇಶದೇಶಗಳ ನಡುವಿನ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಅನುಬಂಧಕ್ಕೆ ಸೇರಿಸಿ, ಅದರ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲಾಯಿತು. ಇಮ್ಮಂಡೆ ಹಾವಿನ ಸುತ್ತಲೂ ಇಂಥದೇ ದುಡ್ಡಿನ ಆಸೆಯ ದಂಧೆ ಇದೆ. ಯಾರಾದರೂ ಮಾರಲು ಬಂದರೆ, ವಾಟ್ಸ್ಆಪ್‌ನಲ್ಲಿ ಚಿತ್ರ ಕಳಿಸಿದರೆ, ಪಾಪ ಎಂದು ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಡಿ. ನೀವು ಕೊಟ್ಟ ದುಡ್ಡಿಗೆ ನಾಳೆ ಇನ್ನೆರಡು ಹಿಡಿಯುತ್ತಾರೆ. ಅರಣ್ಯ ಇಲಾಖೆಗೆ ತಿಳಿಸಿ.

ವಿದೇಶಿ ಹಕ್ಕಿ, ಹಲ್ಲಿ, ಹಾವುಗಳ ವಿಷಯಕ್ಕೆ ಬಂದರೆ, ಆಫ್ರಿಕನ್ ಗ್ರೇ ಗಿಳಿ, ಸನ್ ಕನ್ಯೂರ್, ಮಕಾವ್, ಇಗ್ವಾನಾ, ಬಾಲ್ ಪೈಥಾನ್ ಮುಂತಾದವು ಸೈಟಿಸ್ ಪಟ್ಟಿಯಲ್ಲಿವೆ. 2024ರ ಫೆಬ್ರವರಿಯಲ್ಲಿ ಬಂದ ನಿಯಮದ ಪ್ರಕಾರ ಇಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಜಾಲತಾಣದಲ್ಲಿ ನೋಂದಾಯಿಸಬೇಕು, ಹೊಸದಾಗಿ ಪಡೆದರೆ 30 ದಿನಗಳೊಳಗೆ. ಕೈಬದಲಾವಣೆ, ಮರಿ, ಸಾವು ಎಲ್ಲವನ್ನೂ ತಿಳಿಸಬೇಕು. ಬಜರಿಗರ್, ಕಾಕಟೀಲ್ ಸೈಟಿಸ್ ಪಟ್ಟಿಯಲ್ಲಿಲ್ಲ, ಪಂಜರದಲ್ಲೇ ಮರಿಯಾಗುವ ಹಕ್ಕಿಗಳು ಅವು. ಹಕ್ಕಿ ಬೇಕೇಬೇಕು ಎನ್ನುವವರಿಗೆ ಅಷ್ಟು ಸಾಕು ಎಂಬುದು ನನ್ನ ಮಾತು. ಆಫ್ರಿಕನ್ ಗ್ರೇ ಕೊಳ್ಳಲು ಹೊರಟವರು ಅಂಗಡಿಯವನನ್ನು ಮೂರು ಪ್ರಶ್ನೆ ಕೇಳಿ: ಇದು ಎಲ್ಲಿ ಹುಟ್ಟಿದ್ದು, ತಂದೆತಾಯಿ ಹಕ್ಕಿಗಳ ನೋಂದಣಿ ಪತ್ರ ಎಲ್ಲಿದೆ, ನನ್ನ ಹೆಸರಿಗೆ ವರ್ಗಾವಣೆ ಹೇಗೆ ಮಾಡಿಕೊಡುತ್ತೀರಿ. "ಅದೆಲ್ಲ ಬೇಡ ಸಾರ್" ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬನ್ನಿ.

ಹೆಜ್ಜೆ 8: ಅಕ್ವೇರಿಯಂ ಮೀನು, ಆಮೆಯನ್ನು ಕೆರೆಗೆ ಬಿಡಬೇಡಿ

ಮಗುವಿಗೆಂದು ತಂದ ನಾಣ್ಯದಷ್ಟಗಲದ ಹಸಿರು ಆಮೆ, ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವುದು, ಅಮೆರಿಕ ಮೂಲದ ರೆಡ್ ಇಯರ್ಡ್ ಸ್ಲೈಡರ್. ಕೆಲವೇ ವರ್ಷಗಳಲ್ಲಿ ಊಟದ ತಟ್ಟೆಯಷ್ಟಾಗುತ್ತದೆ, ಇಪ್ಪತ್ತು ಮೂವತ್ತು ವರ್ಷ ಬದುಕುತ್ತದೆ. ತೊಟ್ಟಿ ಸಾಲದಾದಾಗ ಮನೆಯವರು ಪುಣ್ಯ ಬರಲೆಂದು ದೇವಸ್ಥಾನದ ಕೊಳಕ್ಕೋ ಕೆರೆಗೋ ಬಿಡುತ್ತಾರೆ. ಅಲ್ಲಿ ಅದು ನಮ್ಮ ಕೆರೆಯಾಮೆಗಳ ಆಹಾರಕ್ಕೆ, ಬಿಸಿಲು ಕಾಯಿಸುವ ಬಂಡೆಗೆ, ಮೊಟ್ಟೆಯಿಡುವ ಜಾಗಕ್ಕೆ ಪೈಪೋಟಿ ಹೂಡುತ್ತದೆ. ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಪ್ರಭೇದಗಳ ಪಟ್ಟಿಯಲ್ಲಿ ಅದರ ಹೆಸರಿದೆ. ಗಾಜು ಸ್ವಚ್ಛ ಮಾಡಲೆಂದು ಕೊಡುವ 'ಟ್ಯಾಂಕ್ ಕ್ಲೀನರ್' ಮೀನು ದಕ್ಷಿಣ ಅಮೆರಿಕದ ಸಕ್ಕರ್‌ಮೌತ್. ಅದರ ಮೈ ಕವಚದಷ್ಟು ಗಟ್ಟಿ, ಬೆಸ್ತರ ಬಲೆ ಹರಿಯುತ್ತದೆ, ಕೆರೆಯ ದಡದಲ್ಲಿ ಬಿಲ ಕೊರೆಯುತ್ತದೆ. 2018ರ ಕೇರಳ ಪ್ರವಾಹದ ನಂತರ ಚಾಲಕ್ಕುಡಿ ಹೊಳೆಯಲ್ಲಿ ಅಮೆಜಾನಿನ ಆರಾಪೈಮಾ ಮೀನು ಸಿಕ್ಕಿತ್ತು. ಸಾಕಿದ ಕೊಳದಿಂದ ತಪ್ಪಿಸಿಕೊಂಡು ಬಂದದ್ದು.

ಸಾಕಲಾಗದಿದ್ದರೆ ಅಂಗಡಿಗೆ ಹಿಂದಿರುಗಿಸಿ, ಇನ್ನೊಬ್ಬ ಹವ್ಯಾಸಿಗೆ ಕೊಡಿ, ಹತ್ತಿರದ ಮೃಗಾಲಯ ಅಥವಾ ಪ್ರಾಣಿ ರಕ್ಷಣಾ ಕೇಂದ್ರವನ್ನು ಕೇಳಿ. ತೊಟ್ಟಿಯ ನೀರನ್ನೂ ಗಿಡದ ಬುಡಕ್ಕೆ ಹಾಕಿ, ಕಾಲುವೆಗೆ ಬೇಡ. ಅದರೊಳಗಿನ ಬಸವನಹುಳು, ಪಾಚಿ, ರೋಗಾಣು ಎಲ್ಲವೂ ಹೊಳೆ ಸೇರಬಹುದು. ಮೀನು ಸತ್ತರೆ ಮಣ್ಣಿನಲ್ಲಿ ಹೂಳಿ.

ಹೆಜ್ಜೆ 9: ಔಷಧಿಯೂ ಹರಿದು ಹೋಗುತ್ತದೆ

ಚಿಗಟ, ಉಣುಗಿಗೆಂದು ಬೆನ್ನ ಮೇಲೆ ಹನಿಸುವ ಔಷಧಿಗಳಲ್ಲಿ ಫಿಪ್ರೊನಿಲ್, ಇಮಿಡಾಕ್ಲೊಪ್ರಿಡ್ ಎಂಬ ಕೀಟನಾಶಕಗಳಿರುತ್ತವೆ. ಇಂಗ್ಲೆಂಡಿನ 20 ಹೊಳೆಗಳ ನೀರನ್ನು ಪರೀಕ್ಷಿಸಿದಾಗ ಬಹುತೇಕ ಎಲ್ಲ ಮಾದರಿಗಳಲ್ಲೂ ಫಿಪ್ರೊನಿಲ್ ಸಿಕ್ಕಿತು. ನೀರಿನ ಹುಳುಗಳು ಸತ್ತರೆ ಮೀನಿಗೆ ಊಟವಿಲ್ಲ, ಮೀನಿಲ್ಲದಿದ್ದರೆ ನೀರುನಾಯಿಗೆ ಇಲ್ಲ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಮೀಸಲಿಟ್ಟ ರಾಜ್ಯ ನಮ್ಮದು. ಔಷಧಿ ಹನಿಸಿದ ಕೆಲವು ವಾರ ನಾಯಿಯನ್ನು ಹೊಳೆ, ಕೆರೆಯಲ್ಲಿ ಈಜಲು ಬಿಡಬೇಡಿ, ಅದರ ಸ್ನಾನದ ನೀರೂ ಅಲ್ಲಿಗೆ ಸೇರದಿರಲಿ. ಬಾಚಿದ ಕೂದಲನ್ನು ಹಕ್ಕಿ ಗೂಡಿಗಾಗಲಿ ಎಂದು ಹೊರಗಿಡದೆ ಕಸಕ್ಕೆ ಹಾಕಿ. ಉಣುಗು ಇಲ್ಲದಿದ್ದರೂ ತಿಂಗಳು ತಿಂಗಳು ಹನಿಸಬೇಕೇ ಎಂದು ವೈದ್ಯರನ್ನು ಕೇಳಿ. ಕಾಡಂಚಿನಲ್ಲಿ ಬೇಕಾಗಬಹುದು, ಐದನೇ ಮಹಡಿಯ ಮನೆಬೆಕ್ಕಿಗೆ ಬೇಡವಾಗಬಹುದು.

ನಾಯಿಯ ಜತೆ ದನವೂ ಇರುವ ಮನೆಯವರು ರಣಹದ್ದುಗಳನ್ನು ಮರೆಯಬಾರದು. ನೋವಿಗೆ ಡೈಕ್ಲೋಫೆನಾಕ್ ಚುಚ್ಚಿಸಿಕೊಂಡ ದನ ಸತ್ತು, ಅದರ ದೇಹ ತಿಂದ ರಣಹದ್ದುಗಳ ಮೂತ್ರಪಿಂಡ ಕೆಟ್ಟು ಅವು ಸತ್ತವು. ಬಿಳಿಬೆನ್ನಿನ ರಣಹದ್ದು ಭಾರತದಲ್ಲಿ ಶೇ 99ಕ್ಕೂ ಹೆಚ್ಚು ಕಡಿಮೆಯಾಯಿತು. 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಿದರು, 2023ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನೂ. ಅವುಗಳ ಬದಲು ಮೆಲಾಕ್ಸಿಕಾಮ್ ಹಾಕಿ ಎಂದು ನೀವೇ ಕೇಳಿ, ಮನುಷ್ಯರ ಡೈಕ್ಲೋಫೆನಾಕ್ ಬಾಟಲಿ ಹಿಡಿದು ಬಂದವರಿಂದ ಚುಚ್ಚಿಸಬೇಡಿ. ರಾಮನಗರದ ರಾಮದೇವರ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಬೆರಳೆಣಿಕೆಗೆ ಬಂದಿವೆ. ವೈದ್ಯರು ಔಷಧಿ ಕೊಟ್ಟು ದಯಾಮರಣ ಮಾಡಿದ ನಾಯಿಯ ದೇಹದಲ್ಲೂ ಆ ಔಷಧಿ ಉಳಿದಿರುತ್ತದೆ. ಬಯಲಿಗೆ ಎಸೆಯದೆ, ಕನಿಷ್ಠ ಮೂರು–ನಾಲ್ಕು ಅಡಿ ಆಳಕ್ಕೆ ಹೂಳಿ.

ಹೆಜ್ಜೆ 10: ನಾಯಿ ಅಥವಾ ಬೆಕ್ಕು ಕಾಡುಪ್ರಾಣಿಯನ್ನು ಹಿಡಿದರೆ

ಮೊದಲು ನಿಮ್ಮ ಪ್ರಾಣಿಯನ್ನು ಒಳಗೆ ಕಟ್ಟಿ. ಗಾಯಗೊಂಡದ್ದು ಚಿಕ್ಕದಾದರೆ ದಪ್ಪ ಬಟ್ಟೆ ಮುಚ್ಚಿ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ, ಕತ್ತಲ ಜಾಗದಲ್ಲಿಡಿ. ಬರಿಗೈಯಲ್ಲಿ ಮುಟ್ಟಬೇಡಿ. ನೀರು, ಹಾಲು ಬಾಯಿಗೆ ಹಾಕಬೇಡಿ, ಶ್ವಾಸಕೋಶಕ್ಕೆ ಇಳಿಯುತ್ತದೆ. ಬೆಕ್ಕಿನ ಹಲ್ಲು ತಾಗಿದ ಹಕ್ಕಿ ಗಾಯವೇ ಇಲ್ಲದಂತೆ ಕಂಡರೂ ಬೆಕ್ಕಿನ ಬಾಯಿಯ ಬ್ಯಾಕ್ಟೀರಿಯಾದಿಂದ ಒಂದೆರಡು ದಿನದಲ್ಲಿ ಸಾಯಬಹುದು, ವೈದ್ಯರ ಬಳಿ ಹೋಗಲೇಬೇಕು. ಅರಣ್ಯ ಇಲಾಖೆಯ ಸಹಾಯವಾಣಿ 1926. ನಿಮಗೋ ನಿಮ್ಮ ನಾಯಿಗೋ ಕಾಡುಪ್ರಾಣಿ ಕಚ್ಚಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ರೇಬೀಸ್ ಚಿಕಿತ್ಸೆ ಶುರು ಮಾಡಿಸಿ.

ಕಬ್ಬು ಕಡಿಯುವಾಗ ಸಿಗುವ ಪುಟ್ಟ ಮರಿಗಳನ್ನು ಬೆಕ್ಕಿನ ಮರಿ ಎಂದು ಮನೆಗೆ ತರುವವರಿದ್ದಾರೆ. ಅವು ಚಿರತೆಯ, ಕಾಡುಬೆಕ್ಕಿನ, ತುಕ್ಕುಚುಕ್ಕೆ ಬೆಕ್ಕಿನ ಮರಿಗಳಾಗಿರಬಹುದು. ತಾಯಿ ಸಾಮಾನ್ಯವಾಗಿ ಹತ್ತಿರದಲ್ಲೇ ಇದ್ದು, ರಾತ್ರಿ ಬಂದು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ. ಕೆಲಸ ನಿಲ್ಲಿಸಿ, ಜನರನ್ನು ದೂರ ಕಳಿಸಿ, ಸುತ್ತಲಿನ ಮನೆಗಳ ನಾಯಿಗಳನ್ನು ಕಟ್ಟಿಹಾಕಿಸಿ, ಇಲಾಖೆಯವರಿಗೆ ಹೇಳಿ. ಚಿತ್ರ ತೆಗೆದಿದ್ದರೆ ಅವರಿಗಷ್ಟೇ ಕಳಿಸಿ. ಹೊಲದ ಗುರುತು ಸಿಗುವ ಚಿತ್ರವನ್ನು ಗುಂಪುಗಳಿಗೆ ಹಾಕಿದರೆ ಸಂಜೆಯೊಳಗೆ ಅಲ್ಲಿ ಜನಜಾತ್ರೆ ಸೇರುತ್ತದೆ, ತಾಯಿ ಹತ್ತಿರ ಬರುವುದಿಲ್ಲ.